ಅಕ್ಕನಿಗೆ ಆಗಿತ್ತಲ್ಲ?

ಅಕ್ಟೋಬರ್ ಕಥೋಲಿಕರಾದ ನಮಗೆ ಜಪಸರದ ತಿಂಗಳು. ಸಂಜೆ ಏಳಾಯಿತೆಂದರೆ ಟೀವಿ ಆರಿಸಿ, ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಐದು ರಹಸ್ಯಗಳನ್ನೂ ಹೇಳಿ ಮುಗಿಸಿದ ಮೇಲೆಯೇ ನಮ್ಮನೆಯಲ್ಲಿ ತಟ್ಟೆ ಹಾಕುವುದು. 2023ರ ಅಕ್ಟೋಬರ್ 17ರಂದು ಮಾತ್ರ ಏಳೂವರೆಯಾದರೂ ಅಮ್ಮ ಟೀವಿಯ ಮುಂದಿನಿಂದ ಏಳಲಿಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅಂದು ಕೊಟ್ಟ ತೀರ್ಪನ್ನು ವಾಹಿನಿಗಳು ಸಂಜೆಯೂ ಹೇಳುತ್ತಲೇ ಇದ್ದವು. ಸಲಿಂಗ ವಿವಾಹಕ್ಕೆ ಮಾನ್ಯತೆ ಇಲ್ಲ, ಬೇಕಿದ್ದರೆ ಸಂಸತ್ತು ಕಾನೂನು ಮಾಡಲಿ. ಕೊನೆಗೆ ನಾನೇ ರಿಮೋಟ್ ತೆಗೆದುಕೊಂಡು ಆರಿಸಿದೆ. ಜಪಸರ ಹೇಳಿದೆವು. ಕೊನೆಯ ನಮೋ ಮರಿಯಾ ಮುಗಿದು ಶಿಲುಬೆ ಗುರುತು ಹಾಕಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ, ಅಮ್ಮ ಕೇಳಿದರು: "ಚರ್ಚಲ್ಲಿ ಆಗಲ್ಲ, ಅದು ನಂಗೂ ಗೊತ್ತು. ಕಚೇರೀಲಿ ಯಾಕಾಗಲ್ಲ? ಅಕ್ಕನಿಗೆ ಆಗಿತ್ತಲ್ಲ?"

ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಏಳು ಸಂಸ್ಕಾರಗಳ ಪಾಠ ಹೇಳುತ್ತಿರುವವಳು ನಾನು. ವಿವಾಹ ಎಂದರೇನು ಎಂದು ಯಾರಾದರೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಅಮ್ಮನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೇಳಿದ್ದು ನನ್ನ ತಮ್ಮನ ವಿಷಯ. ಅಕ್ಕ ಎಂದದ್ದು ನನ್ನ ದೊಡ್ಡಮ್ಮನನ್ನು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಜೋಡಿಸಬಹುದೆಂದು ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎರಡು ತಾರೀಕಿನ ಮದುವೆ

ದೊಡ್ಡಮ್ಮನ ಮೊದಲ ಮದುವೆ 1968ರಲ್ಲಿ, ಕನಕಪುರ ರಸ್ತೆಯ ಕಡೆಯ ನಮ್ಮೂರಿನ ಚರ್ಚಿನಲ್ಲಿ ಆದದ್ದು. ಆರು ವರ್ಷಕ್ಕೆ ಗಂಡ ಬಿಟ್ಟುಹೋದ. ಕೆ.ಜಿ.ಎಫ್.ನಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆಂದು ಊರಿಗೆಲ್ಲ ಗೊತ್ತಾದ ಮೇಲೆ ದೊಡ್ಡಮ್ಮನಿಗೆ ಗೊತ್ತಾಯಿತು. ಬೆಂಗಳೂರಿಗೆ ಬಂದು ಹೊಲಿಗೆ ಕಲಿತು, ಶಿವಾಜಿನಗರದಲ್ಲಿ ಒಂದು ಕೋಣೆ ಹಿಡಿದು ಬದುಕಿದಳು. ಕೋರ್ಟಿಗೆ ಹೋದದ್ದು ಬಹಳ ತಡವಾಗಿ. ಆಗಿನ ಕಾಲದ ಕ್ರೈಸ್ತ ಹೆಂಗಸರ ಪಾಡು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡನಾದವನು ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಯಾದವಳು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದುಹೋದದ್ದನ್ನೋ ಸೇರಿಸಿ ರುಜುವಾತು ಮಾಡಬೇಕಿತ್ತು. ಜಿಲ್ಲಾ ನ್ಯಾಯಾಲಯ ಡಿಕ್ರಿ ಕೊಟ್ಟರೂ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸ್ಥಿರಪಡಿಸುವವರೆಗೆ ಅದಕ್ಕೆ ಜೀವ ಇರಲಿಲ್ಲ. ಇದೆಲ್ಲ ಬದಲಾದದ್ದು 2001ರಲ್ಲಿ. ದೊಡ್ಡಮ್ಮನಿಗೆ ಡಿಕ್ರಿ ಕೈಗೆ ಬಂದದ್ದು 1986ರಲ್ಲಿ, ಅವಳ ನಲವತ್ತನೇ ವಯಸ್ಸಿನಲ್ಲಿ.

ಆಮೇಲೆ ಅವಳ ಜೀವನದಲ್ಲಿ ಒಬ್ಬ ಕನ್ನಡ ಮೇಷ್ಟ್ರು ಬಂದರು. ಸರ್ಕಾರಿ ಪ್ರೌಢಶಾಲೆಯವರು, ಹಿಂದೂ, ಹೆಂಡತಿ ತೀರಿಕೊಂಡಿದ್ದವರು. ಚರ್ಚಿನಲ್ಲಿ ಮದುವೆಯಾಗುವಂತಿರಲಿಲ್ಲ. ಅವರು ಹಿಂದೂ ಎಂಬುದು ಅದಕ್ಕೆ ಕಾರಣವಲ್ಲ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಅನುಮತಿ ಪಡೆದು ಅಂಥ ಮದುವೆ ಮಾಡಿಸುವ ದಾರಿ ನಮ್ಮ ಧರ್ಮಸಭೆಯಲ್ಲಿದೆ. ಕಾರಣ ಏನೆಂದರೆ, ಧರ್ಮಸಭೆಯ ಲೆಕ್ಕದಲ್ಲಿ ಕೆ.ಜಿ.ಎಫ್.ನಲ್ಲಿದ್ದ ಆ ಮನುಷ್ಯ ಇನ್ನೂ ಅವಳ ಗಂಡನೇ ಆಗಿದ್ದ. ಹೈಕೋರ್ಟು ಬಿಡಿಸಿದ ಗಂಟು ಬಲಿಪೀಠದ ಮುಂದೆ ಹಾಗೇ ಇತ್ತು. ಮೊದಲ ಮದುವೆ ಆದಾಗಲೇ ಅಸಿಂಧುವಾಗಿತ್ತು ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿಯಿಂದ ಹೇಳಿಸಿಕೊಳ್ಳುವ ದಾರಿಯೊಂದಿತ್ತು. ಫಾದರ್ ಅದನ್ನು ಸೂಚಿಸಿದರು ಕೂಡ. ದೊಡ್ಡಮ್ಮ ಒಪ್ಪಲಿಲ್ಲ. "ಮದುವೆ ಆಗಿರಲೇ ಇಲ್ಲ ಅಂತ ನಾನು ಹೆಂಗೆ ಹೇಳ್ಲಿ ಸ್ವಾಮಿ? ನಾನು ಮನಸ್ಸಿಟ್ಟೇ ಆಗಿದ್ದೆ" ಅಂದಳಂತೆ.

ಹಾಗಾಗಿ 1989ರ ಜೂನ್‌ನಲ್ಲಿ ಮೆಜೆಸ್ಟಿಕ್ ಹತ್ತಿರದ ನೋಂದಣಿ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಅವರ ಮದುವೆಯಾಯಿತು. ಮೂವತ್ತು ದಿನ ಮುಂಚೆ ನೋಟಿಸು, ಗೋಡೆಯ ಮೇಲೆ ಇಬ್ಬರ ಹೆಸರು, ಆಮೇಲೆ ಮೂವರು ಸಾಕ್ಷಿಗಳು. ಆ ಮೂವರಲ್ಲಿ ಒಬ್ಬರು ನನ್ನ ಅಮ್ಮ. ಅಧಿಕಾರಿಯ ಎದುರು ಇಬ್ಬರೂ "ನಿನ್ನನ್ನು ನನ್ನ ಕಾನೂನುಬದ್ಧ ಹೆಂಡತಿಯಾಗಿ, ನಿಮ್ಮನ್ನು ನನ್ನ ಕಾನೂನುಬದ್ಧ ಗಂಡನಾಗಿ ಸ್ವೀಕರಿಸುತ್ತೇನೆ" ಎಂದು ಹೇಳಿದಾಗ ಅಮ್ಮನಿಗೆ ಆಶ್ಚರ್ಯವಾಯಿತಂತೆ, ಇದು ನಮ್ಮ ಚರ್ಚಿನ ಮಾತಿನ ಹಾಗೇ ಇದೆಯಲ್ಲ ಎಂದು. ಸಹಿ ಮಾಡಿ ಮನೆಗೆ ಬಂದ ಮೇಲೆ ಭಯ ಹತ್ತಿತು. ಎರಡು ಭಾನುವಾರ ಪರಮಪ್ರಸಾದ ಸ್ವೀಕರಿಸಲಿಲ್ಲ. ಮೂರನೇ ವಾರ ಪಾಪನಿವೇದನೆಗೆ ಹೋಗಿ, ಸಾಕ್ಷಿ ಹಾಕಿದ್ದು ಪಾಪವಾ ಎಂದು ಕೇಳಿದರು. ಜಾಲರಿಯ ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆ ಹಿರಿಯ ಗುರುಗಳು ಕೇಳಿದರಂತೆ: "ಕಣ್ಣಲ್ಲಿ ನೋಡಿದ್ದಕ್ಕೆ ತಾನೇನಮ್ಮ ಸಹಿ ಹಾಕಿದ್ದು?"

ನನಗಾಗ ಹದಿನೇಳು. ನನಗೆ ನೆನಪಿರುವುದು ಮದುವೆಗಿಂತ ಅದರ ನಂತರದ ಭಾನುವಾರಗಳು. ದೊಡ್ಡಮ್ಮ ಒಂದು ಬಲಿಪೂಜೆಯನ್ನೂ ತಪ್ಪಿಸಲಿಲ್ಲ. ಪರಮಪ್ರಸಾದದ ಹೊತ್ತಿಗೆ ಇಡೀ ಸಾಲು ಎದ್ದು ಮುಂದೆ ಹೋಗುತ್ತಿತ್ತು, ಚರ್ಚು ಒಪ್ಪದ ಮದುವೆಯಲ್ಲಿದ್ದ ಅವಳಿಗೆ ಅದು ಸಲ್ಲುವಂತಿರಲಿಲ್ಲ, ಬೆಂಚಿನ ತುದಿಯಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿ ಉಳಿಯುತ್ತಿದ್ದಳು. ನಾವೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ಅವಳ ಸೀರೆ ನನ್ನ ಕಾಲಿಗೆ ತಾಕುತ್ತಿತ್ತು. ವಾಪಸ್ ಬರುವಾಗ ಬಾಯಲ್ಲಿ ಪ್ರಸಾದ ಇಟ್ಟುಕೊಂಡು ಮತ್ತೆ ಅವಳನ್ನು ದಾಟಬೇಕು. ಹದಿನೆಂಟು ವರ್ಷ ಹೀಗೇ ನಡೆಯಿತು. 2006ರಲ್ಲಿ ಕೆ.ಜಿ.ಎಫ್.ನ ಮನುಷ್ಯ ತೀರಿಕೊಂಡ ಸುದ್ದಿ ಬಂತು. ದೊಡ್ಡಮ್ಮ ಅವನಿಗಾಗಿ ಒಂದು ಪೂಜೆ ಹೇಳಿಸಿದಳು. ಮರುವರ್ಷ ಒಂದು ಮುಂಜಾನೆ, ಬಲಿಪೀಠದ ಪಕ್ಕದ ಕೋಣೆಯಲ್ಲಿ, ನಾವು ಐದು ಜನರ ಎದುರು ಮೇಷ್ಟ್ರಿಗೂ ಅವಳಿಗೂ ಧರ್ಮಸಭೆಯ ಮದುವೆಯಾಯಿತು. ಹದಿನೈದು ನಿಮಿಷದ ಕೆಲಸ. ಆ ಭಾನುವಾರ ಅವಳು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು. ಅರವತ್ತು ದಾಟಿದ ಹೆಂಗಸಿನ ಕೈ ಹಾಗೆ ನಡುಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಲ ಕೇಳಿದ್ದೆ, ನಿಮ್ಮ ಮದುವೆ ದಿನ ಯಾವುದು ದೊಡ್ಡಮ್ಮ, ಜೂನ್‌ದಾ ಇದಾ ಎಂದು. "ನಂಗೆ ಎರಡೂ ಬೇಕಿತ್ತು ಕಣೇ. ಒಂದು ಸಿಕ್ತು, ಇನ್ನೊಂದಕ್ಕೆ ಕಾದೆ" ಅಂದಳು. 2014ರಲ್ಲಿ ಮೇಷ್ಟ್ರು ಹೋದಾಗ ಕುಟುಂಬ ಪಿಂಚಣಿಗೆ ಅವಳು ಕೊಟ್ಟದ್ದು 1989ರ ಕಾಗದ. ಅದಕ್ಕೆ ಯಾವ ಫಾದರೂ ತಕರಾರು ಮಾಡಲಿಲ್ಲ. ಆ ಹದಿನೆಂಟು ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬರೇ ಒಬ್ಬರು, ಚರ್ಚು ಒಪ್ಪದ ಮದುವೆಯನ್ನು ಸರ್ಕಾರ ಯಾಕೆ ಒಪ್ಪಿತು, ಅದನ್ನು ರದ್ದು ಮಾಡಿ ಎಂದು ಕೇಳಿದ್ದು ನನಗೆ ಗೊತ್ತಿಲ್ಲ. ಅವಳ ಮದುವೆ ಬಲಿಪೀಠದ ಈಚೆಗೆ ಪಾಪ, ಚರ್ಚಿನ ಗೇಟಿನ ಆಚೆಗೆ ಮದುವೆ. ಎರಡನ್ನೂ ನಾವೆಲ್ಲ ತಿಳಿದೇ ಬದುಕಿದೆವು.

ಒಂದು ಕೈ, ಎರಡು ಪುಸ್ತಕ

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಮೊದಲು ಅರ್ಥವಾದದ್ದು, ನಾವು ಈ ಎರಡನ್ನು ಇಷ್ಟು ಸುಲಭವಾಗಿ ಕಲಸಿಬಿಡುವುದು ಏಕೆ ಎಂಬುದು. ನಮ್ಮ ದೇಶದಲ್ಲಿ ಮದುವೆ ಮಾಡಿಸುವ ಗುರುಗಳೇ ಸರ್ಕಾರದ ಲೇಖನಿಯೂ ಹೌದು. ಫ್ರಾನ್ಸಿನಲ್ಲಿ ಮೊದಲು ಪುರಸಭೆಯಲ್ಲಿ ಮದುವೆಯಾಗಬೇಕು, ಚರ್ಚಿನ ಮದುವೆ ಬೇಕಿದ್ದವರು ಆಮೇಲೆ ಅಲ್ಲಿಗೆ ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ರೋಮನ್ ಧರ್ಮಸಭೆಯ ಗುರುಗಳು ಮಾಡಿಸುವ ಮದುವೆಯನ್ನು ಧರ್ಮಾಧ್ಯಕ್ಷರು ಹೇಳಿದ ನಮೂನೆಯಲ್ಲೇ ದಾಖಲಿಸಲು ಬಿಟ್ಟಿದೆ. ಮೂರು ತಿಂಗಳಿಗೊಮ್ಮೆ ಅದರ ಪಟ್ಟಿಯನ್ನು ಮಾತ್ರ ಸರ್ಕಾರದ ಮಹಾನೋಂದಣಾಧಿಕಾರಿಗೆ ಕಳಿಸಬೇಕು. ಹಾಡು ಮುಗಿದು, ಹೂ ಎರಚಿ, ವಧೂವರರು ಪಕ್ಕದ ಮೇಜಿಗೆ ಬಂದು ಕೂತು ಸಹಿ ಮಾಡುವಾಗ ಅದು ಯಾರ ಪುಸ್ತಕ ಎಂದು ಯಾರೂ ನೋಡುವುದಿಲ್ಲ. ನಾನೂ ನನ್ನ ಮದುವೆಯಲ್ಲಿ ನೋಡಲಿಲ್ಲ. ಹಿಂದೂ ವಿವಾಹ ಕಾಯ್ದೆಯೂ ಹೀಗೇ. ಸಪ್ತಪದಿ ಇರುವ ಕಡೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ ಎಂದು 1955ರ ಕಾಯ್ದೆಯೇ ಬರೆದಿದೆ. ಮಂತ್ರ ಮಾಂಗಲ್ಯದಲ್ಲಿ ಮದುವೆಯಾಗಿ ಆಮೇಲೆ ನೋಂದಣಿ ಕಚೇರಿಗೆ ಹೋದ ನನ್ನ ಗೆಳತಿಯರಿಗೆ ಮಾತ್ರ ಎರಡರ ನಡುವಿನ ಗೆರೆ ಕಣ್ಣಿಗೆ ಬಿದ್ದಿರಬೇಕು.

ಅದೇ 1872ರಲ್ಲಿ ಮೊದಲ ವಿಶೇಷ ವಿವಾಹ ಕಾಯ್ದೆಯೂ ಬಂತು ಎಂಬುದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಕಾಯ್ದೆ ಅದು. ಅದರಡಿ ಮದುವೆಯಾಗುವವರು ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಎಂದೆಲ್ಲ ಘೋಷಿಸಬೇಕಿತ್ತು. ಮದುವೆಗಾಗಿ ಧರ್ಮವನ್ನು ಬಾಗಿಲಲ್ಲಿ ಬಿಟ್ಟು ಬರಬೇಕಿತ್ತು. 1954ರ ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. ನಿನ್ನ ಧರ್ಮ ನಿನ್ನಲ್ಲೇ ಇರಲಿ, ಇಲ್ಲಿ ಅದನ್ನು ಕೇಳುವುದಿಲ್ಲ ಎಂಬುದು ಅದರ ಮಾತು. ದೊಡ್ಡಮ್ಮ ಕಥೋಲಿಕಳಾಗಿಯೇ ಉಳಿದು ಮೇಷ್ಟ್ರನ್ನು ಮದುವೆಯಾದದ್ದು ಆ ಕಾಯ್ದೆಯ ದಯೆಯಿಂದ.

ಧರ್ಮಸಭೆಗೂ ಈ ಗೆರೆ ಚೆನ್ನಾಗಿಯೇ ಗೊತ್ತಿದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 1055ನೇ ವಿಧಿ ವಿವಾಹವನ್ನು ಗಂಡು-ಹೆಣ್ಣಿನ ನಡುವಿನ ಒಡಂಬಡಿಕೆ ಎನ್ನುತ್ತದೆ. ಅದೇ ಸಂಹಿತೆಯ 1059ನೇ ವಿಧಿ, ಮದುವೆಯ ಕೇವಲ ಲೌಕಿಕ ಪರಿಣಾಮಗಳು ನಾಡಿನ ಅಧಿಕಾರಕ್ಕೆ ಸೇರಿದವು ಎಂದು ಒಪ್ಪುತ್ತದೆ. ಪಿಂಚಣಿ, ಆಸ್ತಿ, ಮಕ್ಕಳ ಪಾಲನೆಯಂಥವು. ನ್ಯಾಯಾಲಯವೂ ತನ್ನ ಕಡೆಯಿಂದ ಇದನ್ನೇ ಹೇಳಿದೆ. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧುಗೊಳಿಸಿದರೆ ಅದಕ್ಕೆ ನಾಡಿನ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. ಅದಕ್ಕೆ ಮಾನ್ಯತೆ ಕೊಡಿ ಎಂದು ನಮ್ಮ ರಾಜ್ಯದವರೇ ಆದ ಕ್ಲಾರೆನ್ಸ್ ಪಾಯ್ಸ್ ಹಾಕಿದ್ದ ಅರ್ಜಿಯನ್ನು 2017ರ ಜನವರಿಯಲ್ಲಿ ವಜಾ ಮಾಡಿತು. ಕಥೋಲಿಕರ ಸಂಸಾರ ಮುರಿದಾಗ ಚರ್ಚಿನ ಮಾತು ಕೋರ್ಟಿಗೆ ಸಲ್ಲದು, ಕೋರ್ಟಿನ ಮಾತು ಚರ್ಚಿಗೆ ಸಲ್ಲದು. ಇಷ್ಟು ಸ್ಪಷ್ಟವಾಗಿ ಬೇರೆಯಾಗಿರುವ ಎರಡು ಮನೆಗಳು ನನ್ನ ತಮ್ಮನ ವಿಷಯ ಬಂದಾಗ ಮಾತ್ರ ಒಂದೇ ಬೀಗ ಹಾಕಿಕೊಂಡದ್ದು ಹೇಗೆ?

'ಸಂಬಂಧ' ಎಂಬ ಖಾನೆ

ತಮ್ಮನೂ ಗದಗದ ಹುಡುಗನೂ ಒಟ್ಟಿಗೆ ಇರುವುದು 2011ರಿಂದ. ಹುಡುಗ ಎನ್ನುತ್ತೇನೆ, ಅವನಿಗೂ ಈಗ ನಲವತ್ತು ದಾಟಿದೆ. ಹೊರಮಾವಿನಲ್ಲಿ ಬಾಡಿಗೆ ಮನೆ. ನನಗೆ ತಿಳಿದಿತ್ತು. ಅಮ್ಮನಿಗೆ 'ರೂಂಮೇಟು' ಎಂದು ಹೇಳಿದ್ದೆವು. ಅಮ್ಮ ಅದನ್ನು ನಂಬಿದ್ದರೋ ಇಲ್ಲವೋ, ಕ್ರಿಸ್ಮಸ್ಸಿಗೆ ಕಲ್ಕಲ್ ಡಬ್ಬಿ ಕಳಿಸುವಾಗ ಪ್ರತಿ ವರ್ಷ ಎರಡು ಕಟ್ಟುತ್ತಿದ್ದರು.

2022ರ ಜುಲೈ. ಮಳೆ. ರಾತ್ರಿ ಒಂಬತ್ತೂವರೆಗೆ ಅವನ ಫೋನು: "ಅಕ್ಕಾರ, ಜಲ್ದಿ ಬರ್ರಿ, ಸಹಿ ಬೇಕಂತ." ತಮ್ಮನ ಅಪೆಂಡಿಕ್ಸ್ ಒಡೆದಿತ್ತು. ಮೂರು ದಿನ ಹೊಟ್ಟೆನೋವನ್ನು ಗ್ಯಾಸ್ ಎಂದುಕೊಂಡಿದ್ದ. ನಾನಿರುವುದು ಕೆಂಗೇರಿಯಲ್ಲಿ, ಅವರಿದ್ದ ಆಸ್ಪತ್ರೆ ಊರಿನ ಇನ್ನೊಂದು ತುದಿ. ಮಳೆ ಬಿದ್ದ ರಾತ್ರಿ ಆ ದಾರಿ ಎಂಥದ್ದೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ನಾಯಂಡಹಳ್ಳಿಯಲ್ಲೇ ಅರ್ಧ ಗಂಟೆ ನಿಂತಿದ್ದೆವು. ನಾನು ತಲುಪಿದಾಗ ಹನ್ನೊಂದೂಕಾಲು. ಕೌಂಟರಿನ ಮುಂದೆ ಅವನು ನೆಂದ ಅಂಗಿಯಲ್ಲಿ ನಿಂತಿದ್ದ, ಕೈಯಲ್ಲಿ ತಮ್ಮನ ಚಪ್ಪಲಿ. ಫಾರಂನಲ್ಲಿ ಎಲ್ಲವನ್ನೂ ಅವನೇ ತುಂಬಿಸಿದ್ದ. ವಯಸ್ಸು, ರಕ್ತದ ಗುಂಪು, ವಿಮೆಯ ಸಂಖ್ಯೆ. 'ಸಂಬಂಧ' ಎಂಬ ಖಾನೆಯಲ್ಲಿ 'ಸ್ನೇಹಿತ' ಎಂದು ಬರೆದದ್ದನ್ನು ಯಾರೋ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದರು. ರಕ್ತಸಂಬಂಧಿ ಬೇಕು ಎಂದರು ಕೌಂಟರಿನವರು. ನಾನು 'ಅಕ್ಕ' ಎಂದು ಬರೆದು ಸಹಿ ಮಾಡಿದೆ. ಒಳಗಿಂದ ಬಂದ ಡಾಕ್ಟರು ನನ್ನನ್ನೇ ಕೇಳಿದರು, ಯಾವ ಔಷಧಿ ಒಗ್ಗುವುದಿಲ್ಲ, ಬೇರೆ ಏನಾದರೂ ಮಾತ್ರೆ ತಗೊಳ್ತಾರಾ. ನನಗೇನು ಗೊತ್ತು? ತಿರುಗಿ ಅವನನ್ನು ನೋಡಿದೆ. ಎರಡು ಹೆಜ್ಜೆ ಹಿಂದೆ ನಿಂತಿದ್ದವನು ಒಂದೊಂದಾಗಿ ಹೇಳಿದ, ಸಲ್ಫಾ ಆಗಲ್ಲ, ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದು, ಇಂತಿಷ್ಟು ಪವರಿನದು. ಡಾಕ್ಟರು ಅವನ ಮಾತನ್ನು ಬರೆದುಕೊಂಡು ನನ್ನ ಮುಖ ನೋಡಿ ತಲೆಯಾಡಿಸಿದರು. ಆಪರೇಷನ್ ಆದ ಮೇಲೆ ಐ.ಸಿ.ಯು.ಗೆ ಹೋಗಲು ಒಂದೇ ಚೀಟಿ, ಅದೂ ನನ್ನ ಹೆಸರಿಗೆ.

ಬೆಳಗಿನ ಜಾವ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಅಮ್ಮ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಆ ಮಗು ಏನಾದ್ರೂ ತಿಂತಾ?" ಎಂದು ಕೇಳಿದರು.

ಹೇಳಿದ 'ಇಲ್ಲ'ಗಳು

ಕಚೇರಿಯಲ್ಲಿ ಯಾಕಾಗಲ್ಲ ಎಂಬುದಕ್ಕೆ ಕಾನೂನಿನ ಉತ್ತರ ಚಿಕ್ಕದು. ವಿಶೇಷ ವಿವಾಹ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಗಂಡಿಗೆ 21 ವರ್ಷ, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎಂದಿದೆ. ಆ ಪದಗಳನ್ನು ಬದಲಿಸಿ ಓದುವುದು ನಮ್ಮ ಕೆಲಸವಲ್ಲ, ಸಂಸತ್ತಿನದು, ಮದುವೆಯಾಗುವುದು ಸಂವಿಧಾನದ ಮೂಲಭೂತ ಹಕ್ಕೂ ಅಲ್ಲ ಎಂದು ಐವರೂ ಹೇಳಿದರು. ಮದುವೆಯೆನ್ನದೆ ಬೇರೆ ಹೆಸರಿನಲ್ಲಾದರೂ ಇಂಥ ಜೊತೆಯನ್ನು ಗುರುತಿಸಬೇಕು ಎಂದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್. ಉಳಿದ ಮೂವರು ಅದಕ್ಕೂ ಒಪ್ಪಲಿಲ್ಲ. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು.

ನನ್ನನ್ನು ಕೆಣಕಿದ್ದು ತೀರ್ಪಿಗಿಂತ ಹೆಚ್ಚಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಸಲ್ಲಿಸಿದ್ದ ಪ್ರಮಾಣಪತ್ರ. ಹಿಂದೂಗಳಲ್ಲಿ ವಿವಾಹ ಸಂಸ್ಕಾರ, ಮುಸ್ಲಿಮರಲ್ಲಿ ಒಪ್ಪಂದ, ಎರಡೂ ಗಂಡು-ಹೆಣ್ಣಿನ ನಡುವೆ ಮಾತ್ರ ಎಂಬ ವಾದ ಅದರಲ್ಲಿತ್ತು. ಸಂಸ್ಕಾರ ಎಂಬ ಪದ ನನಗೆ ಪವಿತ್ರವಾದದ್ದು, ಅದರ ಪಾಠ ಹೇಳುವವಳು ನಾನು. ಆದ್ದರಿಂದಲೇ ಕೇಳುತ್ತೇನೆ, ಯಾವ ಧರ್ಮವನ್ನೂ ಕೇಳದೆ ಮದುವೆ ಮಾಡಿಸಲೆಂದೇ ಹುಟ್ಟಿದ ಕಾಯ್ದೆಗೆ ಸಂಸ್ಕಾರದ ಅಳತೆಗೋಲು ಏಕೆ? ಅದೇ ಗೋಲಿನಿಂದ ಅಳೆದಿದ್ದರೆ 1989ರಲ್ಲಿ ದೊಡ್ಡಮ್ಮನಿಗೆ ಆ ಕಾಗದ ಸಿಗುತ್ತಿರಲಿಲ್ಲ. ಚರ್ಚು ಬೇಡ ಎಂದರೆ ಅದು ತನ್ನ ದೈವಶಾಸ್ತ್ರದಿಂದ ಹೇಳುತ್ತದೆ. ನಾನು ಅದರೊಡನೆ ಜಗಳವಾಡಬಹುದು, ಆದರೆ ಅದರ ಮಾತು ಅದರ ಭಾಷೆಯಲ್ಲೇ ಇದೆ. ಸರ್ಕಾರ ಬೇಡ ಎನ್ನುವುದಾದರೆ ಅದಕ್ಕೆ ಸರ್ಕಾರದ್ದೇ ಕಾರಣ ಬೇಕು. ಇಬ್ಬರು ವಯಸ್ಕರು ಒಬ್ಬರ ಆಸ್ಪತ್ರೆಯ ಫಾರಮಿಗೆ ಇನ್ನೊಬ್ಬರು ಸಹಿ ಮಾಡಿದರೆ ನಾಡಿಗೆ ಏನು ಕೇಡು ಎಂದು ಅದು ತೋರಿಸಬೇಕು. ನಾನು ಓದಿದಷ್ಟರಲ್ಲಿ ಅದು ನನಗೆ ಕಾಣಲಿಲ್ಲ.

ತೀರ್ಪಿನ ನಂತರ ಒಂದು ಭಾನುವಾರ ಪ್ರಬೋಧನೆಯಲ್ಲಿ ಅತಿಥಿಯಾಗಿ ಬಂದಿದ್ದ ಗುರುಗಳೊಬ್ಬರು, ದೇವರ ದಯೆ, ಇಲ್ಲದಿದ್ದರೆ ನಾಳೆ ನಮ್ಮ ಬಲಿಪೀಠದ ಮುಂದೆಯೂ ಇಂಥ ಮದುವೆ ಮಾಡಿಸಬೇಕಾಗುತ್ತಿತ್ತು ಎಂದರು. ಸುತ್ತ ಇದ್ದವರು ತಲೆದೂಗಿದರು. ನನಗೆ ಕೂತಲ್ಲೇ ಎದ್ದು ಮಾತಾಡಬೇಕೆನಿಸಿತು, ಧೈರ್ಯ ಬರಲಿಲ್ಲ. ಅಂದು ಹೇಳದಿದ್ದುದನ್ನು ಇಲ್ಲಿ ಹೇಳುತ್ತೇನೆ. ವಿಚಾರಣೆಯ ಆರಂಭದಲ್ಲೇ ನ್ಯಾಯಾಲಯ ತಾನು ಧರ್ಮಗಳ ವೈಯಕ್ತಿಕ ಕಾನೂನಿಗೆ ಕೈಹಾಕುವುದಿಲ್ಲ, ವಿಶೇಷ ವಿವಾಹ ಕಾಯ್ದೆಯನ್ನಷ್ಟೇ ನೋಡುತ್ತೇನೆ ಎಂದಿತ್ತು. ಸ್ಪೇನ್ 2005ರಲ್ಲೂ ಐರ್ಲೆಂಡ್ 2015ರಲ್ಲಿ ಜನಮತದ ಮೂಲಕವೂ ಸಲಿಂಗ ವಿವಾಹವನ್ನು ಕಾನೂನು ಮಾಡಿದವು. ಎರಡೂ ಕಥೋಲಿಕ ನಾಡುಗಳೇ. ಅಲ್ಲಿನ ಕಥೋಲಿಕ ಚರ್ಚುಗಳಲ್ಲಿ ಇಂದಿಗೂ ಇಂಥ ಮದುವೆಯಿಲ್ಲ, ಮಾಡಿಸಿ ಎಂದು ಸರ್ಕಾರ ಒತ್ತಾಯಿಸಿಲ್ಲ. ಇಂಗ್ಲೆಂಡಿನ 2013ರ ಕಾಯ್ದೆಯಂತೂ ಅಲ್ಲಿನ ರಾಷ್ಟ್ರೀಯ ಚರ್ಚಿನಲ್ಲಿ ಇಂಥ ಮದುವೆಗೆ ಅವಕಾಶವಿಲ್ಲ ಎಂದು ತಾನೇ ಬರೆದಿಟ್ಟಿತು. ಅಷ್ಟು ದೂರ ಯಾಕೆ, ದೊಡ್ಡಮ್ಮನಿಗೆ ಡಿಕ್ರಿ ಕೊಟ್ಟ 1869ರ ಕಾಯ್ದೆಯ 58ನೇ ಸೆಕ್ಷನ್ನನ್ನೇ ನೋಡಿ. ವ್ಯಭಿಚಾರದ ಕಾರಣಕ್ಕೆ ವಿಚ್ಛೇದಿತರಾದವರ ಮರುಮದುವೆ ಮಾಡಿಸಲೇಬೇಕೆಂದು ಆಂಗ್ಲಿಕನ್ ಪಾದ್ರಿಯನ್ನು ಬಲವಂತಪಡಿಸುವಂತಿಲ್ಲ ಎಂದು ಆಗಲೇ ಬರೆದಿದ್ದರು. ನಮ್ಮ ಕಥೋಲಿಕ ಗುರುಗಳಿಗೆ ಅಂಥ ರಕ್ಷಣೆ ಬರೆದಿರಲಿಲ್ಲ. ಆದರೂ ಹದಿನೆಂಟು ವರ್ಷ ದೊಡ್ಡಮ್ಮ ಬೆಂಚಿನಲ್ಲೇ ಮೊಣಕಾಲೂರಿದ್ದಳು, ಯಾವ ಕೋರ್ಟೂ ಬಂದು ಅವಳನ್ನು ಸಾಲಿಗೆ ಸೇರಿಸಲಿಲ್ಲ.

ಹದಿನೈದು ಸೆಕೆಂಡು

ತೀರ್ಪು ಬಂದ ವರ್ಷದ ಕ್ರಿಸ್ಮಸ್ಸಿಗೆ ವಾರವಿರುವಾಗ, ಡಿಸೆಂಬರ್ 18ರಂದು, ವ್ಯಾಟಿಕನ್‌ನಿಂದ ಹೊಸ ಘೋಷಣೆ ಬಂತು. ಪೋಪ್ ಫ್ರಾನ್ಸಿಸರ ಸಹಿ ಇದ್ದ ಅದರ ಪ್ರಕಾರ, ಒಂದೇ ಲಿಂಗದ ಜೋಡಿ ಬಂದು ಕೇಳಿದರೆ ಗುರುಗಳು ಆಶೀರ್ವದಿಸಬಹುದು. ಪೂಜಾವಿಧಿಯಾಗಿ ಅಲ್ಲ, ಮದುವೆಯ ಉಡುಪು, ಮಾತು, ಹಾವಭಾವ ಯಾವುದೂ ಇರಬಾರದು. 2021ರಲ್ಲಿ ಇದೇ ವ್ಯಾಟಿಕನ್ ಆಗದು ಎಂದಿದ್ದ ಸಂಗತಿ ಇದು. ಹಲವು ದೇಶಗಳ ಧರ್ಮಾಧ್ಯಕ್ಷರು, ಅದರಲ್ಲೂ ಆಫ್ರಿಕದವರು, ತಿರುಗಿಬಿದ್ದರು. ಜನವರಿ 4ರಂದು ಸ್ಪಷ್ಟನೆ ಬಂತು: ಇಂಥ ಆಶೀರ್ವಾದ ಹತ್ತು-ಹದಿನೈದು ಸೆಕೆಂಡಿನದು.

ನಾನು ನಮ್ಮ ಫಾದರ್ ಬಳಿಗೆ ಹೋದೆ. ನನಗಿಂತ ಚಿಕ್ಕವರು, ಒಳ್ಳೆಯವರು, ಮಾತು ಮರೆಸುವವರಲ್ಲ. "ನೀವು ಕೇಳಿದ್ರೆ ಆಶೀರ್ವಾದ ಮಾಡ್ತೀನಿ. ಮದುವೆ ಅಂತ ಕೇಳ್ಬೇಡಿ, ಅದು ನನ್ನ ಕೈಯಲ್ಲಿಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದು ಆ ಘೋಷಣೆಯನ್ನು ಮತ್ತೆ ಓದಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಈ ಆಶೀರ್ವಾದವನ್ನು ಸರ್ಕಾರಿ ಜೊತೆಗೂಡಿಕೆಯ ಸಮಾರಂಭದ ಜೊತೆಜೊತೆಗೇ ಕೊಡಬಾರದು ಎಂದು ಅದು ಎಚ್ಚರಿಸುತ್ತದೆ. ಹಾಗೆಂದರೆ ರೋಮಿನಲ್ಲಿ ಅದನ್ನು ಬರೆದವರ ಮನಸ್ಸಿನಲ್ಲಿ, ಊರಿನ ಇನ್ನೊಂದು ಕಡೆ ಒಂದು ಕಚೇರಿ ಇದೆ, ಅಲ್ಲಿ ಇವರಿಗೆ ಒಂದು ಕಾಗದ ಸಿಗುತ್ತದೆ ಎಂಬ ಚಿತ್ರವಿತ್ತು. ಬೆಂಗಳೂರಿನಲ್ಲಿ ಆ ಕಚೇರಿಯ ಬಾಗಿಲು ಮುಚ್ಚಿದೆ. ಇಲ್ಲಿ ಆ ಹದಿನೈದು ಸೆಕೆಂಡು ಬಿಟ್ಟರೆ ಅವರಿಗೆ ಬೇರೇನೂ ಇಲ್ಲ.

ತಮ್ಮನಿಗೆ ಹೇಳಿದೆ. ಅವನು ಚಿಕ್ಕಂದಿನಲ್ಲಿ ಪೀಠಬಾಲಕನಾಗಿದ್ದವನು, ಹಾರೋಬೆಲೆಯಲ್ಲಿ ಯೇಸುವಿನ ಕತೆ ಆಡುವ ಮಹಿಮೆ ನಾಟಕಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟು ಕೂರುತ್ತಿದ್ದವನು. "ಆಶೀರ್ವಾದ ಬೇಡ ಅಂತಲ್ಲ ಅಕ್ಕ. ಮೊದಲು ಅವನು ನನ್ನ ಫಾರಂಗೆ ಸಹಿ ಹಾಕೋ ಹಂಗಾಗಲಿ. ಚರ್ಚಿನ ವಿಷಯ ನಿಧಾನಕ್ಕೆ ಅಳ್ತೀನಿ" ಅಂದ.

ನನಗೆ ಧರ್ಮಸಭೆಯಿಂದಲೂ ಬೇಕು. ಅದನ್ನು ಮುಚ್ಚಿಡುವುದಿಲ್ಲ. ಮದುವೆಯ ಸಂಸ್ಕಾರವನ್ನು ನೀಡುವವರು ವಧೂವರರೇ, ಗುರುಗಳು ಸಾಕ್ಷಿ ಮಾತ್ರ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. 1563ರಲ್ಲಿ ಟ್ರೆಂಟ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಕಡ್ಡಾಯ ಮಾಡುವವರೆಗೆ ಮದುವೆ ಸಿಂಧುವಾಗಲು ಗುರುಗಳು ಎದುರಿಗಿರಬೇಕೆಂಬ ನಿಯಮವೇ ಇರಲಿಲ್ಲ, ಇಬ್ಬರ ಮಾತೇ ಸಾಕಿತ್ತು. ಬದಲಾಗಿದೆ, ಬದಲಾಗಬಹುದು ಎಂಬ ಆಸೆ ನನ್ನದು. ನಮ್ಮ ಧರ್ಮೋಪದೇಶ ಗ್ರಂಥದಲ್ಲಿ ಇಂಥವರ ಬಗ್ಗೆ ನೋಯಿಸುವ ಪದವೊಂದು 2357ನೇ ಪರಿಚ್ಛೇದದಲ್ಲಿದೆ. ಮುಂದಿನದರಲ್ಲೇ ಅವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಕಾಣಬೇಕು ಎಂದಿದೆ. ಎರಡನೆಯದನ್ನು ಗಟ್ಟಿಯಾಗಿ ಓದಿಸುತ್ತೇನೆ. ಈ ಜಗಳವನ್ನು ನಾನು ನನ್ನ ಮನೆಯೊಳಗೆ, ನನ್ನ ಬೆಂಚಿನಲ್ಲಿ ಕೂತು ಆಡುತ್ತೇನೆ. ಅದನ್ನು ಗೆಲ್ಲಿಸಿಕೊಡಿ ಎಂದು ಯಾವ ನ್ಯಾಯಾಲಯವನ್ನೂ ಕೇಳುವುದಿಲ್ಲ. ಆದರೆ ಅದು ಮುಗಿಯುವವರೆಗೆ ತಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕಾಯಬೇಕು ಎಂದರೆ ಒಪ್ಪಲಾರೆ.

ವಿಲ್ಲು

2024ರ ಆಗಸ್ಟಿನಲ್ಲಿ ಕೇಂದ್ರದ ಇಲಾಖೆಗಳಿಂದ ಕೆಲವು ಸೂಚನೆಗಳು ಬಂದವು. ಇಂಥ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಎಣಿಸಬಹುದು, ಜಂಟಿ ಬ್ಯಾಂಕ್ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿಯಿಲ್ಲ, ಹತ್ತಿರದ ಬಂಧುಗಳು ಇಲ್ಲದಿದ್ದಾಗ ಶವವನ್ನು ಸಂಗಾತಿ ಪಡೆಯಬಹುದು. ತಮ್ಮ ಅದನ್ನು ಫೋನಿನಲ್ಲಿ ಓದಿ ಹೇಳಿದ. ಕೊನೆಯದನ್ನು ಓದುವಾಗ ಅವನ ದನಿ ಬದಲಾಯಿತು. ಅದಾದ ವಾರಕ್ಕೆ ಅಮ್ಮ, ಅಪ್ಪ ಕಟ್ಟಿಸಿದ ಮನೆಯ ವಿಲ್ಲು ಬರೆಸಬೇಕು ಎಂದರು. ನಮ್ಮ ಆಸ್ತಿ ಹೋಗುವುದು 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ತಮ್ಮನ ಪಾಲು ಅವನ ನಂತರ ಯಾರ್ಯಾರಿಗೆ ಹೋಗಬಹುದು ಎಂದು ವಕೀಲರು ಬಿಡಿಸಿ ಹೇಳಿದರು. ನಾನು, ನನ್ನ ಮಕ್ಕಳು, ದೂರದ ದಾಯಾದಿಗಳು. ಗದಗದವನು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಮ್ಮ ಕೇಳಿಸಿಕೊಂಡು, "ಹಂಗಾದ್ರೆ ನಾನೇ ಬರೀತೀನಿ, ಕೆಳಗಿನ ಮನೆ ಇಬ್ಬರ ಹೆಸರಿಗೂ" ಎಂದರು.

ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಪತ್ರ ಬರಹಗಾರರ ಅಂಗಡಿ. ಅವರು ಬೆರಳಚ್ಚು ಮಾಡುತ್ತ ಒಂದೊಂದೇ ಹೆಸರಿಗೆ ನಿಲ್ಲಿಸಿ ಕೇಳುತ್ತಿದ್ದರು, ಇವರು ನಿಮಗೆ ಏನಾಗಬೇಕು. ಮಗಳು. ಮಗ. ಮೂರನೇ ಹೆಸರಿಗೆ ಬಂದಾಗ ಅಮ್ಮ ನನ್ನ ಮುಖ ನೋಡಲಿಲ್ಲ. "ನನ್ನ ಮಗನ ಸಂಗಾತಿ" ಅಂದರು. ಆತ ಬೆರಳು ನಿಲ್ಲಿಸಿ, ಕುಟುಂಬದ ಹಿತೈಷಿ ಅಂತ ಹಾಕ್ಲಾ ಅಮ್ಮ, ಸಾಮಾನ್ಯವಾಗಿ ಹಾಗೇ ಹಾಕೋದು ಎಂದರು. ಸಭ್ಯ ಮನುಷ್ಯ, ನಮಗೆ ಮುಜುಗರವಾಗದಿರಲಿ ಎಂದೇ ಕೇಳಿದ್ದು. "ಬೇಡಪ್ಪ. ನಾನು ಹೇಳಿದ್ದು ಬರಿ" ಎಂದರು ಅಮ್ಮ. ಅವರು ಬರೆದರು.

ಒಳಗೆ ನಮ್ಮ ಟೋಕನ್ ಬರಲು ಇನ್ನೂ ಹೊತ್ತಿತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ಗಾಜಿನ ಫಲಕದೊಳಗೆ ವಿಶೇಷ ವಿವಾಹ ಕಾಯ್ದೆಯ ನೋಟಿಸುಗಳು, ಒಂದರ ಮೇಲೊಂದು ಪಿನ್ನು ಚುಚ್ಚಿದವು. ಹುಡುಗನ ಫೋಟೋ, ಹುಡುಗಿಯ ಫೋಟೋ, ವಿಳಾಸ, ಕಸುಬು. ಅಮ್ಮ ಕುರ್ಚಿಯಿಂದ ಎದ್ದು ಹೋಗಿ, ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆರಳನ್ನು ಗಾಜಿಗೆ ಇಟ್ಟು ಒಂದೊಂದನ್ನೇ ಓದಲು ಶುರುಮಾಡಿದರು. ಸೆಕ್ಯುರಿಟಿಯವನು ಬಂದು, ಆಕ್ಷೇಪಣೆ ಇದ್ರೆ ಒಳಗೆ ಬರೆದು ಕೊಡ್ಬೇಕು ಅಜ್ಜಿ ಎಂದ.

"ಆಕ್ಷೇಪಣೆ ಏನಿಲ್ಲಪ್ಪ" ಎಂದು ಅಮ್ಮ ಮುಂದಿನ ನೋಟಿಸಿಗೆ ಬೆರಳು ಸರಿಸಿದರು.